ಅರ್ಧ ಮಾತ್ರೆ ಮೊದಲು

ಒಂಬತ್ತನೆಯ ರಾತ್ರಿ, ಸತ್ತವನು ಮನೆ ಬಿಟ್ಟು ಹೊರಡುವ ರಾತ್ರಿ.
ಕಿಂಗ್‌ಸ್ಟನ್ನಿನ ಓಣಿಯಲ್ಲಿ ಯೂಸ್ಟೇಸ್ ಟಲ್ಲೊಕ್‌ನ ಅಂಗಳಕ್ಕೆ
ಟಾರ್ಪಾಲು ಕಟ್ಟಿದ್ದಾರೆ. ಕರಿದ ಮೀನು, ಗಟ್ಟಿ ಬ್ರೆಡ್ಡು, ಬಿಳಿ ರಮ್ಮು.
ಮುದುಕರು ಡಾಮಿನೋ ಕಾಯಿಗಳನ್ನು ಹಲಗೆಗೆ ಬಡಿಯುತ್ತಾರೆ
ಅವನು ಪಕ್ಕದ ಕೋಣೆಯಲ್ಲಿ ಮಲಗಿರುವಂತೆ.

ಬೀರುವಿನೆತ್ತರದ ಸ್ಪೀಕರು ತಂದ ಹುಡುಗ ಕೇಳಿದ:
"ಅಜ್ಜ, ಇವರು ಯಾವ ಹಾಡಿನಲ್ಲಿದ್ದಾರೆ?"
ನಾನು ಟ್ರೊಂಬೋನಿನವನು. ಇಪ್ಪತ್ತೆರಡು ವರ್ಷ
ಅವನ ಬಲಕ್ಕೆ ನಿಂತು ಒಂದೇ ಮೈಕಿಗೆ ಊದಿದವನು;
ಅವನ ಬೆವರು, ಅವನ ಪೆಪ್ಪರ್‌ಮಿಂಟು, ಅವನ ಮೊಣಕೈ ಬಲ್ಲವನು.
"ಯಾವುದರಲ್ಲಿಲ್ಲ ಅಂತ ಕೇಳು" ಅಂದೆ.
ಹುಡುಗ ರೆಕಾರ್ಡಿನ ನಡುವಿನ ಕಾಗದ ಓದಿದ:
ಹಾಡಿದವನ ಹೆಸರು, ಹಣ ಹಾಕಿದವನ ಹೆಸರು,
ಅಚ್ಚು ಹಾಕಿದ ಬೀದಿಗೂ ಒಂದು ಹೆಸರು.

ಒಂಬತ್ತು ವರ್ಷಕ್ಕೆ ಅವನನ್ನು
ಸನ್ಯಾಸಿನಿಯರ ಶಾಲೆಗೆ ತಂದುಬಿಟ್ಟವಳು ಅತ್ತೆ ಐಕ್ಲಿನ್.
ಟ್ರಂಪೆಟ್ಟು ಬೇಕೆಂದು ಅತ್ತ; ಉಳಿದಿದ್ದದ್ದು ಸ್ಯಾಕ್ಸೊಫೋನು.
ಕಾರ್ಕು ಹೋದಲ್ಲಿ ಸೈಕಲ್ ಟ್ಯೂಬು ಸುತ್ತಿಕೊಟ್ಟು
ಸಿಸ್ಟರ್ ಪರ್ಪೆಟುವಾ ಹೇಳಿದರಂತೆ:
"ನೀನು ಉಸಿರು ಕೊಡು, ಅನ್ನ ಅದು ಕೊಡುತ್ತೆ."
ಕೊಟ್ಟ ಉಸಿರಿಗೆ ಲೆಕ್ಕವಿಲ್ಲ.
ಅನ್ನ ಮಾತ್ರ ಎಣಿಸಿಕೊಂಡು ಬಂತು.

ಉತ್ತರದ ಕರಾವಳಿಯ ಹೋಟೆಲಿನಲ್ಲಿ ಮೂರು ವರ್ಷ
ಹೂವಿನಂಗಿ ತೊಟ್ಟು, ನಳ್ಳಿ ಒಡೆಯುವವರ ಮುಂದೆ ಊದಿದ.
ವೇದಿಕೆಗೆ ಮುಂಬಾಗಿಲಿಲ್ಲ, ಅಡಿಗೆಮನೆಯ ಮೂಲಕವೇ ದಾರಿ.
ಆಮೇಲೆ ನಮ್ಮ ಸ್ಟುಡಿಯೋ: ಗೋಡೆಗೆ ಹಳೆ ಹಾಸಿಗೆ,
ದಿನಕ್ಕೆ ಹತ್ತು ಹಾಡು, ಹಾಡಿಗೆ ಐದು ಡಾಲರು,
ಅದೂ ಶುಕ್ರವಾರ, ಅದೂ ಧಣಿ ಸಿಕ್ಕಿದರೆ.
ಬಾಯಿಂದ ಹೋದದ್ದು ಕೈಗೆ ಬರಲಿಲ್ಲ.
ಬಾಸು ನಡೆಯುತ್ತೆ, ಗಿಟಾರು ಎರಡಕ್ಕೂ ನಾಲ್ಕಕ್ಕೂ ಕತ್ತರಿಸುತ್ತೆ,
ಡ್ರಮ್ಮು ಮೂರಕ್ಕೆ ಬಾಗಿಲು ಹಾಕುತ್ತೆ;
ನಮಗೆ ಉಳಿಯುವುದು ಬೆರಳಗಲದ ಸಂದು.
ಆ ಸಂದಿನಲ್ಲೇ ಅವನು ಮನೆ ಮಾಡಿದ.

ವೆರೋನಾಗೆ ಹೆರಿಗೆ ನೋವು ಬಂದ ದಿನ
ಗಾಜಿನಾಚೆಯ ಗಡಿಯಾರ ನೋಡುತ್ತ
ಅರ್ಧ ಮಾತ್ರೆ ಮೊದಲೇ ಊದಿಬಿಟ್ಟ.
ನಾನು ಬೆನ್ನಟ್ಟಿದೆ, ಟ್ರಂಪೆಟ್ಟು ನನ್ನನ್ನು ಬೆನ್ನಟ್ಟಿತು.
"ತಪ್ಪಾಯಿತು, ಇನ್ನೊಮ್ಮೆ" ಅಂದ.
"ಟೇಪು ನಿಮ್ಮಪ್ಪ ಕೊಡಿಸುತ್ತಾನಾ?" ಅಂದ ಧಣಿ.
ತಪ್ಪು ಉಳಿಯಿತು.
ಆ ತಪ್ಪಿನ ಮೇಲೆ ಹಾಡುಗಾರ ಮಯಾಮಿಯಲ್ಲಿ ಮನೆ ಕಟ್ಟಿಸಿದ.

ಅದೇ ಹಾಡಿನ ಹಿಂಬದಿಗೆ ಎಂಜಿನಿಯರು ನಮ್ಮನ್ನೆಲ್ಲ ಅಳಿಸಿದ,
ಯೂಸ್ಟೇಸನ ಎರಡೇ ಸ್ವರ ಬಿಟ್ಟು ಮಾರ್ದನಿಗೆ ಎಸೆದ.
ಅವು ಬಾವಿಗೆ ಬಿದ್ದ ತಂಬಿಗೆಯಂತೆ ಬಡಿಯುತ್ತ, ಬಡಿಯುತ್ತ...
ಕೇಳಿ ಅವನು ನಕ್ಕ:
"ನೋಡು, ಅಳಿಸಿದ ಮೇಲೆ ಎಷ್ಟು ದೊಡ್ಡವನಾಗಿದ್ದೇನೆ."

ಮುಂದಿನದು ಗೊತ್ತಿದ್ದದ್ದೇ. ಯಂತ್ರ ಬಂತು,
ಗುಂಡಿ ಒತ್ತಿದರೆ ಮೂರು ಕೊಳವೆ ಒಟ್ಟಿಗೆ ಕೂಗುವ ಯಂತ್ರ.
ಸ್ಯಾಕ್ಸು ಗಿರವಿಗೆ ಹೋಯಿತು, ಅವನು ಟ್ಯಾಕ್ಸಿಗೆ.
ಹಲ್ಲು ಹೋದವು. ಕಟ್ಟಿಸಿದ ಹಲ್ಲಿಗೆ ರೀಡು ಒಗ್ಗಲಿಲ್ಲ.
ಒಸಾಕಾದಿಂದ ಯಾರೋ ಕಾಗದ ಬರೆದರು:
ಸ್ವಾಮಿ, ತಾವು ಬದುಕಿದ್ದೀರಾ?
ನಾಲ್ಕು ತಿಂಗಳು ತಡೆದು ಉತ್ತರಿಸಿದ:
ಇನ್ನೂ ಯೋಚಿಸುತ್ತಿದ್ದೇನೆ.

ಹುಡುಗ ಆ ರೆಕಾರ್ಡು ಹಾಕಿದ.
ಡ್ರಮ್ಮು ಉರುಳಿತು, ಬಾಸು ನೆಲದಡಿಯಿಂದ ಎದ್ದಿತು.
ಮುದುಕರ ಕೈಗಳು ಕಾಯಿ ಹಿಡಿದು ಗಾಳಿಯಲ್ಲಿ ನಿಂತವು.
ಅಳುತ್ತಿದ್ದ ವೆರೋನಾ ಕೂಡ ಕತ್ತೆತ್ತಿದಳು.
ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು, ಎರಡು,
ಮೂರಕ್ಕೆ ಮುಂಚೆಯೇ ಅಷ್ಟೂ ಕಾಯಿಗಳು
ಹಲಗೆಗೆ ಬಿದ್ದವು, ಒಂದೇ ಏಟಿಗೆ,
ಅರ್ಧ ಮಾತ್ರೆ ಮೊದಲು.

ಸರಿಯಾದ ಜಾಗಕ್ಕೆ ಯಾರೂ ಕಾಯಲಿಲ್ಲ.

ಅಂದು ಹುಟ್ಟಿದ ಕ್ಲಾಡೆಟ್ ಒಳಗಿನಿಂದ ಬಂದು
ಐಸು ಮುಗಿಯಿತು, ಯಾರಾದರೂ ಹೋಗಿ ತನ್ನಿ, ಅಂದಳು.